ಸಿಡ್ನಿ ವುಡರ್ಸನ್

ಸಿಡ್ನಿ ಚಾರ್ಲ್ಸ್ ವುಡರ್ಸನ್ (30 ಆಗಸ್ಟ್ 1914 – 21 ಡಿಸೆಂಬರ್ 2006) ಇಂಗ್ಲೆಂಡಿನ ಪ್ರಸಿದ್ಧ ಮಧ್ಯಮ ದೂರದ ಓಟಗಾರರು. ಎರಡು ಮಹಾಯುದ್ಧಗಳ ನಡುವಿನ ಅವಧಿಯಲ್ಲಿ ಒಂದು ಮೈಲಿ, 880 ಗಜ ಮತ್ತು 800 ಮೀಟರ್ ಓಟಗಳಲ್ಲಿ ವಿಶ್ವದಾಖಲೆಗಳನ್ನು ಸ್ಥಾಪಿಸಿದರು. 1938ರಲ್ಲಿ 1500 ಮೀಟರ್ ಓಟದಲ್ಲಿಯೂ, ಯುದ್ಧಾನಂತರ 1946ರಲ್ಲಿ 5000 ಮೀಟರ್ ಓಟದಲ್ಲಿಯೂ ಯುರೋಪಿಯನ್ ಚಾಂಪಿಯನ್ ಆದರು. ವೃತ್ತಿಯಿಂದ ಇವರು ಸಾಲಿಸಿಟರ್, ಅಂದರೆ ಕಾನೂನು ಸಲಹೆಗಾರರಾಗಿದ್ದರು. ಇಷ್ಟೆಲ್ಲ ಸಾಧಿಸಿದರೂ ಇವರಿಗೆ ಒಲಿಂಪಿಕ್ ಪದಕ ದೊರೆಯಲಿಲ್ಲ. ಇವರು ಭಾಗವಹಿಸಿದ ಏಕೈಕ ಒಲಿಂಪಿಕ್ಸ್‌ನಲ್ಲಿ ಗಾಯ ಅಡ್ಡಬಂದಿತು. ಅನಂತರದ ಎರಡು ಒಲಿಂಪಿಕ್ಸ್‌ಗಳು ಯುದ್ಧದ ಕಾರಣ ನಡೆಯಲೇ ಇಲ್ಲ. ಆದುದರಿಂದ ಪದಕಗಳ ಪಟ್ಟಿಯನ್ನು ಮಾತ್ರ ನೋಡುವವರಿಗೆ ವುಡರ್ಸನ್ ಅವರ ಹೆಸರು ಸಿಗುವುದಿಲ್ಲ. ಆದರೆ ಮೈಲಿ ಓಟದ ಇತಿಹಾಸವನ್ನು ಅವರನ್ನು ಬಿಟ್ಟು ಬರೆಯಲಾಗದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ವುಡರ್ಸನ್ ಜನಿಸಿದ್ದು ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದಲ್ಲಿ, ಬ್ರಿಟನ್ ಮೊದಲನೆಯ ಮಹಾಯುದ್ಧಕ್ಕೆ ಇಳಿದ ತಿಂಗಳಿನಲ್ಲಿ. ಕೆಂಟ್ ಪ್ರಾಂತ್ಯದ ಸಟನ್ ವ್ಯಾಲೆನ್ಸ್ ಶಾಲೆಯಲ್ಲಿ ವ್ಯಾಸಂಗ ಮಾಡಿದರು. ಇವರ ಸಹೋದರರೂ ಓಟಗಾರರಾಗಿದ್ದರು. 1933ರಲ್ಲಿ, ಇನ್ನೂ ಹದಿನೆಂಟರ ವಿದ್ಯಾರ್ಥಿಯಾಗಿದ್ದಾಗ, ಒಂದು ಮೈಲಿಯನ್ನು 4 ನಿಮಿಷ 29.8 ಸೆಕೆಂಡುಗಳಲ್ಲಿ ಓಡಿದರು. ಮೈಲಿಯನ್ನು ನಾಲ್ಕೂವರೆ ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ಓಡಿದ ಮೊದಲ ಬ್ರಿಟಿಷ್ ಶಾಲಾ ವಿದ್ಯಾರ್ಥಿ ಎಂಬ ಕೀರ್ತಿಗೆ ಇದರಿಂದ ಪಾತ್ರರಾದರು.

ನೋಡಿದವರಿಗೆ ಇವರು ಓಟಗಾರರೆಂದು ತೋರುತ್ತಿರಲಿಲ್ಲ. ಎತ್ತರ ಸುಮಾರು 5 ಅಡಿ 6 ಅಂಗುಲ, ತೂಕ 60 ಕಿಲೋಗ್ರಾಮಿಗಿಂತಲೂ ಕಡಿಮೆ. ದೃಷ್ಟಿ ಮಂದವಾಗಿದ್ದ ಕಾರಣ ಕನ್ನಡಕ ಧರಿಸಿಯೇ ಓಡುತ್ತಿದ್ದರು. ಮಿತಭಾಷಿ, ಸಂಕೋಚದ ಸ್ವಭಾವ. ಬ್ಲ್ಯಾಕ್‌ಹೀತ್ ಹ್ಯಾರಿಯರ್ಸ್ ಎಂಬ ಓಟಗಾರರ ಸಂಘದ ಕಪ್ಪು ಉಡುಪಿನಲ್ಲಿ, ದಪ್ಪ ಕನ್ನಡಕ ತೊಟ್ಟು, ತಮಗಿಂತ ಎತ್ತರದ ಸ್ಪರ್ಧಿಗಳ ನಡುವೆ ನಿಂತಾಗ ಪ್ರೇಕ್ಷಕರು ಈ ಕೃಶಕಾಯದ ಯುವಕನನ್ನು ಅಚ್ಚರಿಯಿಂದ ನೋಡುತ್ತಿದ್ದರು. ಪತ್ರಿಕೆಗಳು ಇವರಿಗೆ ‘ಮೈಟಿ ಆಟಂ’ ಎಂಬ ಅಡ್ಡಹೆಸರನ್ನು ಕೊಟ್ಟವು. ಗಾತ್ರದಲ್ಲಿ ಅಣುವಿನಷ್ಟು, ಶಕ್ತಿಯಲ್ಲಿ ಪ್ರಚಂಡ ಎಂಬುದು ಅದರ ಭಾವ.

ತರಬೇತಿ ಮತ್ತು ಓಟದ ಶೈಲಿ

ವುಡರ್ಸನ್ ಅವರ ತರಬೇತುದಾರರಾಗಿದ್ದವರು ಆಲ್ಬರ್ಟ್ ಹಿಲ್. ಇವರು 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಮತ್ತು 1500 ಮೀಟರ್ ಎರಡರಲ್ಲಿಯೂ ಚಿನ್ನದ ಪದಕ ಗೆದ್ದವರು. ಆಗ ಅವರಿಗೆ 31 ವರ್ಷ. ಮರುವರ್ಷ ಒಂದು ಮೈಲಿಯನ್ನು 4 ನಿಮಿಷ 13.8 ಸೆಕೆಂಡುಗಳಲ್ಲಿ ಓಡಿ ಬ್ರಿಟಿಷ್ ದಾಖಲೆಯನ್ನೂ ಸ್ಥಾಪಿಸಿದ್ದರು. ಹೀಗೆ ಒಂದು ತಲೆಮಾರಿನ ಶ್ರೇಷ್ಠ ಓಟಗಾರನ ಅನುಭವವು ಮುಂದಿನ ತಲೆಮಾರಿನ ಶ್ರೇಷ್ಠನಿಗೆ ನೇರವಾಗಿ ದಕ್ಕಿತು.

ಅಂದಿನ ಅಥ್ಲೆಟಿಕ್ಸ್ ಸಂಪೂರ್ಣವಾಗಿ ಹವ್ಯಾಸಿ ಕ್ರೀಡೆಯಾಗಿತ್ತು. ಓಟದಿಂದ ಹಣ ಪಡೆದವರಿಗೆ ಅಧಿಕೃತ ಕೂಟಗಳಲ್ಲಿ ಪ್ರವೇಶವಿರಲಿಲ್ಲ. ಆದುದರಿಂದ ವುಡರ್ಸನ್ ಕಚೇರಿಯಲ್ಲಿ ದುಡಿದು, ಕಾನೂನು ಪರೀಕ್ಷೆಗಳಿಗೆ ಓದಿ, ಉಳಿದ ವೇಳೆಯಲ್ಲಿ ಅಭ್ಯಾಸ ಮಾಡಬೇಕಾಗಿತ್ತು. ಇಂದಿನ ಓಟಗಾರರು ವಾರಕ್ಕೆ ಓಡುವ ದೂರಕ್ಕೆ ಹೋಲಿಸಿದರೆ ಅವರ ಅಭ್ಯಾಸ ಬಹಳ ಕಡಿಮೆ. ಓಡುತ್ತಿದ್ದ ಹಾದಿಯೂ ಇಂದಿನಂತೆ ಕೃತಕ ರಬ್ಬರಿನದಲ್ಲ. ಸುಟ್ಟ ಕಲ್ಲಿದ್ದಲಿನ ಕಿಟ್ಟವನ್ನು ಹರಡಿ ತಟ್ಟಿದ ಹಾದಿ. ಮಳೆ ಬಂದರೆ ಮೆತ್ತಗಾಗುತ್ತಿತ್ತು, ಕಾಲು ಹುದುಗುತ್ತಿತ್ತು. ಅಂದಿನ ಕಾಲಮಾನಗಳನ್ನು ಇಂದಿನವುಗಳೊಂದಿಗೆ ಹೋಲಿಸುವವರು ಈ ಅಂಶಗಳನ್ನು ಗಮನದಲ್ಲಿಡಬೇಕು.

ಸ್ಪರ್ಧೆಗಳಲ್ಲಿ ಇವರ ಕ್ರಮ ಸರಳವಾಗಿತ್ತು. ಮುಂಚೂಣಿಯ ಓಟಗಾರರ ಹಿಂದೆಯೇ ತಾಳ್ಮೆಯಿಂದ ಓಡಿ, ಕೊನೆಯ ಸುತ್ತಿನಲ್ಲಿ ಸುಮಾರು 300 ಗಜ ಉಳಿದಿರುವಾಗ ಹಠಾತ್ತನೆ ವೇಗ ಹೆಚ್ಚಿಸುತ್ತಿದ್ದರು. ಆ ವೇಗವನ್ನು ಗುರಿಯವರೆಗೂ ಉಳಿಸಿಕೊಳ್ಳುವ ಸಾಮರ್ಥ್ಯ ಅವರಲ್ಲಿತ್ತು.

ಲವ್‌ಲಾಕ್ ಅವರೊಡನೆ ಪೈಪೋಟಿ

1930ರ ದಶಕದ ಮೊದಲರ್ಧದಲ್ಲಿ ಇಂಗ್ಲೆಂಡಿನಲ್ಲಿ ಮೈಲಿ ಓಟದ ಅಗ್ರಗಣ್ಯರೆನಿಸಿದ್ದವರು ಜ್ಯಾಕ್ ಲವ್‌ಲಾಕ್. ನ್ಯೂಜಿಲೆಂಡಿನವರಾದ ಇವರು ಆಕ್ಸ್‌ಫರ್ಡ್‌ನಲ್ಲಿ ವೈದ್ಯಕೀಯ ವ್ಯಾಸಂಗಕ್ಕಾಗಿ ಬಂದಿದ್ದರು. 1933ರಲ್ಲಿ ಒಂದು ಮೈಲಿಯನ್ನು 4 ನಿಮಿಷ 7.6 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಸ್ಥಾಪಿಸಿದ್ದರು.

1934ರಲ್ಲಿ ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣದಲ್ಲಿ ಬ್ರಿಟಿಷ್ ಎಂಪೈರ್ ಕ್ರೀಡಾಕೂಟ (ಇಂದಿನ ಕಾಮನ್‌ವೆಲ್ತ್ ಕ್ರೀಡಾಕೂಟ) ನಡೆಯಿತು. ಮೈಲಿ ಓಟದಲ್ಲಿ ಲವ್‌ಲಾಕ್ ಪ್ರಥಮ ಸ್ಥಾನ ಪಡೆದರು. ಇನ್ನೂ ಇಪ್ಪತ್ತು ತುಂಬದ ವುಡರ್ಸನ್ ದ್ವಿತೀಯ ಸ್ಥಾನ ಗಳಿಸಿ ಬೆಳ್ಳಿ ಪದಕ ಪಡೆದರು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 1500 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದಿದ್ದ ಜೆರ್ರಿ ಕಾರ್ನ್ಸ್ ಮೂರನೆಯವರಾದರು. ಅನುಭವಿಗಳ ನಡುವೆ ಹೊಸಬರೊಬ್ಬರು ತಲೆಯೆತ್ತಿದ್ದಾರೆಂಬುದು ಅಂದೇ ಖಚಿತವಾಯಿತು.

ಮರುವರ್ಷ, 1935ರಲ್ಲಿ, ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ (ಎಎಎ) ನಡೆಸುವ ಇಂಗ್ಲೆಂಡಿನ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ವುಡರ್ಸನ್ ಲವ್‌ಲಾಕ್ ಅವರನ್ನು ಸೋಲಿಸಿದರು. 1936ರ ಬೇಸಿಗೆಯಲ್ಲಿ, ಬರ್ಲಿನ್ ಒಲಿಂಪಿಕ್ಸ್‌ಗೆ ಕೆಲವೇ ವಾರಗಳಿರುವಾಗ, ಅದೇ ಚಾಂಪಿಯನ್‌ಷಿಪ್‌ನಲ್ಲಿ ಮತ್ತೊಮ್ಮೆ ಸೋಲಿಸಿದರು. 1935ರಿಂದ 1939ರವರೆಗೆ ಸತತವಾಗಿ ಐದು ವರ್ಷ ಎಎಎ ಮೈಲಿ ಪ್ರಶಸ್ತಿ ಇವರದೇ ಆಯಿತು.

1936ರ ಬರ್ಲಿನ್ ಒಲಿಂಪಿಕ್ಸ್

ಬರ್ಲಿನ್‌ಗೆ ಹೊರಟಾಗ ವುಡರ್ಸನ್ ಅವರ ಮೇಲೆ ಬ್ರಿಟನ್ನಿಗೆ ದೊಡ್ಡ ಭರವಸೆಯಿತ್ತು. ಆದರೆ ಅಷ್ಟರಲ್ಲಿ ಅವರ ಕಾಲಿನ ಹರಡಿಗೆ ಪೆಟ್ಟಾಗಿತ್ತು. ನೋವಿನೊಡನೆಯೇ 1500 ಮೀಟರ್ ಓಟದ ಅರ್ಹತಾ ಸುತ್ತಿನಲ್ಲಿ ಓಡಿದರು. ಕುಂಟುತ್ತಾ ಹಿಂದುಳಿದು, ಅಂತಿಮ ಸ್ಪರ್ಧೆಗೆ ಅರ್ಹತೆ ಪಡೆಯದೆ ಹೊರಬಿದ್ದರು.

ಆಗಸ್ಟ್ 6ರಂದು ನಡೆದ ಅಂತಿಮ ಸ್ಪರ್ಧೆಯಲ್ಲಿ ಲವ್‌ಲಾಕ್ 3 ನಿಮಿಷ 47.8 ಸೆಕೆಂಡುಗಳ ಹೊಸ ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು. ಅಮೆರಿಕದ ಗ್ಲೆನ್ ಕನ್ನಿಂಗ್‌ಹ್ಯಾಂ ದ್ವಿತೀಯರಾದರೆ, 1932ರ ಚಾಂಪಿಯನ್ ಇಟಲಿಯ ಲುಯಿಜಿ ಬೆಕ್ಕಾಲಿ ತೃತೀಯ ಸ್ಥಾನ ಪಡೆದರು. ಗಾಯವಿಲ್ಲದಿದ್ದರೆ ವುಡರ್ಸನ್ ಗೆಲ್ಲುತ್ತಿದ್ದರೇ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಅಂದು ಲವ್‌ಲಾಕ್ ಓಡಿದ ಓಟ ಅವರ ಜೀವನದಲ್ಲೇ ಅತ್ಯುತ್ತಮವಾದುದು ಎಂಬುದನ್ನು ಮರೆಯುವಂತಿಲ್ಲ. ಆದರೆ ಅದೇ ಬೇಸಿಗೆಯಲ್ಲಿ ಅವರನ್ನು ಸೋಲಿಸಿದ್ದ ವ್ಯಕ್ತಿ ಆ ಸ್ಪರ್ಧೆಯಲ್ಲಿ ಇರಲಿಲ್ಲ ಎಂಬುದೂ ಅಷ್ಟೇ ಸತ್ಯ. ಆಗ ವುಡರ್ಸನ್ ಅವರಿಗೆ 21 ವರ್ಷ. ಮುಂದಿನ ಅವಕಾಶಕ್ಕೆ ನಾಲ್ಕು ವರ್ಷ ಕಾದರೆ ಸಾಕೆಂದು ಯಾರಾದರೂ ಭಾವಿಸಬಹುದಾಗಿತ್ತು.

ಮೈಲಿ ಓಟದ ವಿಶ್ವದಾಖಲೆ

ಒಂದು ಮೈಲಿ ಎಂದರೆ 1760 ಗಜ, ಅಂದರೆ ಸುಮಾರು 1609 ಮೀಟರ್. ಇಂಗ್ಲೆಂಡಿನ ಅಂದಿನ ಓಟದ ಹಾದಿಗಳ ಸುತ್ತಳತೆ ಸಾಮಾನ್ಯವಾಗಿ 440 ಗಜ ಇರುತ್ತಿದ್ದುದರಿಂದ ಮೈಲಿ ಓಟ ಸರಿಯಾಗಿ ನಾಲ್ಕು ಸುತ್ತುಗಳದಾಗಿತ್ತು. ಸುತ್ತಿಗೆ ಒಂದು ನಿಮಿಷದಂತೆ ನಾಲ್ಕು ನಿಮಿಷಗಳಲ್ಲಿ ಮೈಲಿ ಮುಗಿಸುವುದು ಮನುಷ್ಯನಿಗೆ ಸಾಧ್ಯವೇ ಎಂಬುದು ಆ ಕಾಲದ ಕ್ರೀಡಾಲೋಕದ ದೊಡ್ಡ ಕುತೂಹಲವಾಗಿತ್ತು.

1934ರಲ್ಲಿ ಗ್ಲೆನ್ ಕನ್ನಿಂಗ್‌ಹ್ಯಾಂ ಸ್ಥಾಪಿಸಿದ್ದ 4 ನಿಮಿಷ 6.8 ಸೆಕೆಂಡುಗಳ ದಾಖಲೆ ಮೂರು ವರ್ಷಗಳಿಂದ ಉಳಿದಿತ್ತು. 1937ರ ಆಗಸ್ಟ್ 28ರಂದು, ಲಂಡನ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮಾಟ್ಸ್‌ಪರ್ ಪಾರ್ಕ್ ಮೈದಾನದಲ್ಲಿ ವುಡರ್ಸನ್ ಅದನ್ನು ಮುರಿಯಲು ಸಿದ್ಧರಾದರು. ಅದು ‘ಹ್ಯಾಂಡಿಕ್ಯಾಪ್’ ಮಾದರಿಯ ಓಟ. ಇಂತಹ ಓಟದಲ್ಲಿ ಉಳಿದ ಸ್ಪರ್ಧಿಗಳು ಅವರವರ ಸಾಮರ್ಥ್ಯಕ್ಕೆ ತಕ್ಕಂತೆ ಕೆಲವು ಗಜ ಮುಂದಿನಿಂದ ಹೊರಡುತ್ತಾರೆ. ಅತ್ಯಂತ ಸಮರ್ಥನಾದವನು ಮಾತ್ರ ಪೂರ್ಣ ದೂರವನ್ನು ಓಡುತ್ತಾನೆ. ಆದುದರಿಂದ ಅವನ ಕಣ್ಣೆದುರು ಬೆನ್ನಟ್ಟಲು ಯಾರಾದರೊಬ್ಬರು ಇದ್ದೇ ಇರುತ್ತಾರೆ. ಬ್ರಿಟನ್ನಿನ ಮತ್ತೊಬ್ಬ ಉತ್ತಮ ಮೈಲಿ ಓಟಗಾರ ರೆಜಿ ಥಾಮಸ್ ಅವರೂ ಮುಂದಿನಿಂದ ಹೊರಟು ಆರಂಭದ ವೇಗವನ್ನು ಒದಗಿಸಿದರು.

ವುಡರ್ಸನ್ ನಾಲ್ಕು ಸುತ್ತುಗಳನ್ನು ಕ್ರಮವಾಗಿ 58.6, 64.0, 64.6 ಮತ್ತು 59.2 ಸೆಕೆಂಡುಗಳಲ್ಲಿ ಪೂರೈಸಿದರು. ಒಟ್ಟು ಅವಧಿ 4 ನಿಮಿಷ 6.4 ಸೆಕೆಂಡು. ಹಳೆಯ ದಾಖಲೆಗಿಂತ ಇದು ಸೆಕೆಂಡಿನ ಹತ್ತನೆಯ ನಾಲ್ಕು ಭಾಗದಷ್ಟು ಉತ್ತಮವಾಗಿತ್ತು. ಮೊದಲ ಮತ್ತು ಕೊನೆಯ ಸುತ್ತುಗಳೆರಡೂ ಒಂದು ನಿಮಿಷಕ್ಕಿಂತ ಕಡಿಮೆ ಅವಧಿಯವು ಎಂಬುದನ್ನು ಇಲ್ಲಿ ಗಮನಿಸಬಹುದು. ಮೈಲಿ ಓಟದ ಅಧಿಕೃತ ವಿಶ್ವದಾಖಲೆಗಳ ಪಟ್ಟಿ 1913ರಿಂದ ಆರಂಭವಾಗುತ್ತದೆ. ಅದರಲ್ಲಿ ಸ್ಥಾನ ಪಡೆದ ಮೊದಲ ಬ್ರಿಟಿಷ್ ಓಟಗಾರರು ವುಡರ್ಸನ್. ಈ ದಾಖಲೆ ಸುಮಾರು ಐದು ವರ್ಷ ಉಳಿದು, 1942ರ ಜುಲೈನಲ್ಲಿ ಸ್ವೀಡನ್ನಿನ ಗುಂಡರ್ ಹ್ಯಾಗ್ ಅವರಿಂದ ಮುರಿಯಲ್ಪಟ್ಟಿತು.

ಒಂದೇ ಓಟದಲ್ಲಿ ಎರಡು ದಾಖಲೆಗಳು

ಮರುವರ್ಷ, 1938ರ ಆಗಸ್ಟ್ 20ರಂದು, ಅದೇ ಮಾಟ್ಸ್‌ಪರ್ ಪಾರ್ಕ್‌ನಲ್ಲಿ ವುಡರ್ಸನ್ ಅರ್ಧ ಮೈಲಿ ಓಟಕ್ಕೆ ಇಳಿದರು. ಅರ್ಧ ಮೈಲಿ, ಅಂದರೆ 880 ಗಜ, 800 ಮೀಟರಿಗಿಂತ ಸುಮಾರು ನಾಲ್ಕೂಮುಕ್ಕಾಲು ಮೀಟರ್ ಹೆಚ್ಚು. ಆದುದರಿಂದ 800 ಮೀಟರ್ ಮುಗಿಯುವಲ್ಲಿ ಒಮ್ಮೆ, ಅರ್ಧ ಮೈಲಿ ಮುಗಿಯುವಲ್ಲಿ ಇನ್ನೊಮ್ಮೆ ಸಮಯವನ್ನು ಗುರುತಿಸಲಾಯಿತು. 800 ಮೀಟರಿಗೆ 1 ನಿಮಿಷ 48.4 ಸೆಕೆಂಡು, 880 ಗಜಕ್ಕೆ 1 ನಿಮಿಷ 49.2 ಸೆಕೆಂಡು. ಅಮೆರಿಕದ ಎಲ್ರಾಯ್ ರಾಬಿನ್‌ಸನ್ ಅವರ ಹೆಸರಿನಲ್ಲಿದ್ದ ದಾಖಲೆಗಳೆರಡೂ ಹೀಗೆ ಒಂದೇ ಓಟದಲ್ಲಿ ಅಳಿದವು.

800 ಮೀಟರ್ ದಾಖಲೆಯನ್ನು 1939ರ ಜುಲೈನಲ್ಲಿ ಜರ್ಮನಿಯ ರುಡಾಲ್ಫ್ ಹಾರ್ಬಿಗ್ ಮಿಲಾನ್ ನಗರದಲ್ಲಿ 1 ನಿಮಿಷ 46.6 ಸೆಕೆಂಡುಗಳಲ್ಲಿ ಓಡಿ ಮುರಿದರು. 880 ಗಜದ ದಾಖಲೆಯಾದರೋ ದೀರ್ಘಕಾಲ ಬಾಳಿತು. 1950ರಲ್ಲಿ ಅಮೆರಿಕದ ಮಾಲ್ ವಿಟ್‌ಫೀಲ್ಡ್ ಅದನ್ನು ಸರಿಗಟ್ಟುವವರೆಗೆ, ಹನ್ನೆರಡು ವರ್ಷ, ಅದರ ಸಮಕ್ಕೆ ಯಾರೂ ಬರಲಿಲ್ಲ.

ದಾಖಲೆಯ ಓಟಗಳಲ್ಲಿ ಸಮಯದ ವಿರುದ್ಧ ಓಡುವುದು ಬೇರೆ, ಪ್ರಬಲ ಎದುರಾಳಿಗಳ ವಿರುದ್ಧ ಓಡುವುದು ಬೇರೆ ಎನ್ನುವವರಿಗೂ ವುಡರ್ಸನ್ ಅದೇ ವರ್ಷ ಉತ್ತರ ನೀಡಿದರು. 1938ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನ 1500 ಮೀಟರ್ ಓಟವನ್ನು 3 ನಿಮಿಷ 53.6 ಸೆಕೆಂಡುಗಳಲ್ಲಿ ಗೆದ್ದರು. ಬೆಲ್ಜಿಯಂನ ಜೋಸೆಫ್ ಮೋಸ್ಟರ್ಟ್ ದ್ವಿತೀಯರಾದರೆ, ಒಲಿಂಪಿಕ್ ಪದಕ ವಿಜೇತ ಬೆಕ್ಕಾಲಿ ತೃತೀಯರಾದರು.

ಪ್ರಿನ್ಸ್‌ಟನ್ ಓಟ, 1939

1939ರ ಜೂನ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ನಡೆದ ಮೈಲಿ ಓಟಕ್ಕೆ ವುಡರ್ಸನ್ ಆಹ್ವಾನಿತರಾದರು. ಪತ್ರಿಕೆಗಳು ಅದನ್ನು ಶತಮಾನದ ಮೈಲಿ ಎಂದು ಕೊಂಡಾಡಿದ್ದವು. ಗ್ಲೆನ್ ಕನ್ನಿಂಗ್‌ಹ್ಯಾಂ, ಚಕ್ ಫೆನ್ಸ್ಕಿ, ಆರ್ಚಿ ಸ್ಯಾನ್ ರೊಮಾನಿ ಮತ್ತು ಬ್ಲೇನ್ ರೈಡೌಟ್ ಎಂಬ ನಾಲ್ವರು ಅಮೆರಿಕನ್ನರು ಅವರ ಎದುರಾಳಿಗಳು. ತಮ್ಮ ರೂಢಿಗೆ ವಿರುದ್ಧವಾಗಿ ವುಡರ್ಸನ್ ಬಹುದೂರ ಮುಂಚೂಣಿಯಲ್ಲಿಯೇ ಓಡಿದರು. ಕೊನೆಯ ಸುತ್ತಿನಲ್ಲಿ ರೈಡೌಟ್ ಮುಂದೆ ಬರುವಾಗ ಮೈ ತಗುಲಿ ವುಡರ್ಸನ್ ಹೆಜ್ಜೆ ತಪ್ಪಿದರು. ಮತ್ತೆ ಲಯ ಕಂಡುಕೊಳ್ಳಲಾಗದೆ ಕೊನೆಯವರಾಗಿ ಓಟ ಮುಗಿಸಿದರು. ಗೆಲುವು ಫೆನ್ಸ್ಕಿ ಅವರದಾಯಿತು. ಇಂಗ್ಲೆಂಡಿನಲ್ಲಿ ಈ ಬಗ್ಗೆ ಅಸಮಾಧಾನ ವ್ಯಕ್ತವಾದರೂ ವುಡರ್ಸನ್ ಯಾರನ್ನೂ ದೂಷಿಸಲಿಲ್ಲ.

ಯುದ್ಧದ ವರ್ಷಗಳು

1939ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. 1940ರ ಒಲಿಂಪಿಕ್ಸ್ ರದ್ದಾಯಿತು. 1944ರ ಒಲಿಂಪಿಕ್ಸ್ ನಡೆಯಬೇಕಾಗಿದ್ದುದು ಲಂಡನ್ನಿನಲ್ಲಿ, ವುಡರ್ಸನ್ ಅವರ ಹುಟ್ಟೂರಿನಲ್ಲಿಯೇ, ಅದೂ ರದ್ದಾಯಿತು. ಮಧ್ಯಮ ದೂರದ ಓಟಗಾರನ ಶಕ್ತಿ ಪರಿಪೂರ್ಣವಾಗಿರುವ 25ರಿಂದ 30ರವರೆಗಿನ ವಯಸ್ಸು ಅವರ ಪಾಲಿಗೆ ಹೀಗೆ ಕಳೆದುಹೋಯಿತು.

ದೃಷ್ಟಿದೋಷದ ಕಾರಣ ಸಕ್ರಿಯ ಯುದ್ಧಸೇವೆಗೆ ಇವರನ್ನು ತೆಗೆದುಕೊಳ್ಳಲಿಲ್ಲ. ಲಂಡನ್ನಿನ ಮೇಲೆ ಜರ್ಮನ್ ವಿಮಾನಗಳು ಬಾಂಬುಗಳ ಮಳೆಗರೆಯುತ್ತಿದ್ದ ದಿನಗಳಲ್ಲಿ ಸಹಾಯಕ ಅಗ್ನಿಶಾಮಕ ದಳದಲ್ಲಿ ಸೇವೆ ಸಲ್ಲಿಸಿದರು. ಸೈನ್ಯದ ಪಯೊನಿಯರ್ ದಳದಲ್ಲಿಯೂ, ಬಳಿಕ ವಿದ್ಯುತ್ ಮತ್ತು ಯಂತ್ರ ವಿಭಾಗದಲ್ಲಿ ರಾಡಾರ್ ಕೆಲಸದಲ್ಲಿಯೂ ದುಡಿದರು. 1944ರಲ್ಲಿ ರುಮ್ಯಾಟಿಕ್ ಜ್ವರಕ್ಕೆ ತುತ್ತಾಗಿ ಹಲವು ತಿಂಗಳು ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಹೃದಯ ಮತ್ತು ಕೀಲುಗಳನ್ನು ಬಾಧಿಸುವ ರೋಗವಿದು. ಮತ್ತೆ ಸ್ಪರ್ಧೆಯಲ್ಲಿ ಓಡುವುದು ಸಾಧ್ಯವಾಗದೆಂದು ವೈದ್ಯರು ಎಚ್ಚರಿಸಿದ್ದರು.

ಮರಳಿ ಮೈದಾನಕ್ಕೆ

ಆ ಎಚ್ಚರಿಕೆ ಸುಳ್ಳಾಯಿತು. 1945ರ ಆಗಸ್ಟ್ 6ರಂದು ವೈಟ್ ಸಿಟಿಯಲ್ಲಿ ಸ್ವೀಡನ್ನಿನ ಆರ್ನೆ ಆಂಡರ್‌ಸನ್ ಅವರ ಎದುರು ವುಡರ್ಸನ್ ಮೈಲಿ ಓಟಕ್ಕೆ ನಿಂತರು. ಸ್ವೀಡನ್ ತಟಸ್ಥ ರಾಷ್ಟ್ರವಾಗಿದ್ದುದರಿಂದ ಯುದ್ಧದ ವರ್ಷಗಳಲ್ಲಿ ಅಲ್ಲಿ ಕ್ರೀಡೆ ನಿಂತಿರಲಿಲ್ಲ. ಹ್ಯಾಗ್ ಮತ್ತು ಆಂಡರ್‌ಸನ್ ಪರಸ್ಪರ ಪೈಪೋಟಿಯಿಂದ ಮೈಲಿಯ ದಾಖಲೆಯನ್ನು 4 ನಿಮಿಷ 1.4 ಸೆಕೆಂಡಿಗೆ ಇಳಿಸಿದ್ದರು. ಆರು ವರ್ಷಗಳಿಂದ ದೊಡ್ಡ ಕೂಟಗಳನ್ನು ಕಾಣದ ಲಂಡನ್ನಿನ ಜನ ಸಾಗರದಂತೆ ನೆರೆದರು. ಆಂಡರ್‌ಸನ್ 4 ನಿಮಿಷ 8.8 ಸೆಕೆಂಡುಗಳಲ್ಲಿ ಗೆದ್ದರು. ವುಡರ್ಸನ್ 4 ನಿಮಿಷ 9.2 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು.

ಸೋತರೂ ಈ ಓಟದ ಪರಿಣಾಮ ದೂರಗಾಮಿಯಾಗಿತ್ತು. ಅಂದು ತಂದೆಯೊಡನೆ ಬಂದು ಓಟವನ್ನು ನೋಡಿದವರಲ್ಲಿ ಹದಿನಾರು ವರ್ಷದ ರೋಜರ್ ಬ್ಯಾನಿಸ್ಟರ್ ಕೂಡ ಒಬ್ಬರು. ಮುಂದೆ 1954ರ ಮೇ 6ರಂದು ಜಗತ್ತಿನಲ್ಲಿ ಮೊದಲ ಬಾರಿಗೆ ನಾಲ್ಕು ನಿಮಿಷಗಳೊಳಗೆ ಮೈಲಿ ಓಡಿದ ಬ್ಯಾನಿಸ್ಟರ್, ತಮಗೆ ಸ್ಫೂರ್ತಿಯಾದವರು ವುಡರ್ಸನ್ ಎಂದು ಸ್ಮರಿಸಿದ್ದಾರೆ.

ಅದೇ ಸೆಪ್ಟೆಂಬರ್ 9ರಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಇಬ್ಬರೂ ಪುನಃ ಎದುರಾದರು. ಆಂಡರ್‌ಸನ್ 4 ನಿಮಿಷ 3.8 ಸೆಕೆಂಡು, ವುಡರ್ಸನ್ 4 ನಿಮಿಷ 4.2 ಸೆಕೆಂಡು. ಸೋಲಿನ ಅಂತರ ಮತ್ತೆ ಅಷ್ಟೇ. ಆದರೆ 31ರ ವಯಸ್ಸಿನಲ್ಲಿ, ದೀರ್ಘ ಕಾಯಿಲೆಯ ಮರುವರ್ಷ, ವುಡರ್ಸನ್ ತಮ್ಮ 1937ರ ವಿಶ್ವದಾಖಲೆಗಿಂತಲೂ ಎರಡು ಸೆಕೆಂಡಿಗೂ ಹೆಚ್ಚು ವೇಗವಾಗಿ ಓಡಿದ್ದರು. ಈ ಬ್ರಿಟಿಷ್ ದಾಖಲೆಯನ್ನು 1953ರಲ್ಲಿ ಮುರಿದವರು ಬ್ಯಾನಿಸ್ಟರ್ ಅವರೇ. ಯುದ್ಧ ಕಸಿದುಕೊಂಡ ವರ್ಷಗಳಲ್ಲಿ ಏನೆಲ್ಲ ಸಾಧ್ಯವಿತ್ತೆಂಬುದಕ್ಕೆ ಗೋಥೆನ್‌ಬರ್ಗ್‌ನ ಓಟವೇ ಸಾಕ್ಷಿ.

ದೀರ್ಘ ದೂರದ ಓಟಗಳು

ಅನಂತರ ವುಡರ್ಸನ್ ಹೆಚ್ಚು ದೂರದ ಓಟಗಳತ್ತ ಹೊರಳಿದರು. 1946ರಲ್ಲಿ ಎಎಎ ಚಾಂಪಿಯನ್‌ಷಿಪ್‌ನ ಮೂರು ಮೈಲಿ ಓಟವನ್ನು ಗೆದ್ದರು. ಅದೇ ಆಗಸ್ಟ್‌ನಲ್ಲಿ ನಾರ್ವೆಯ ಓಸ್ಲೊದಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನ 5000 ಮೀಟರ್ ಓಟದಲ್ಲಿ 14 ನಿಮಿಷ 8.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕ ಪಡೆದರು. ಅಲ್ಲಿಯವರೆಗೆ ಈ ದೂರವನ್ನು ಅವರಿಗಿಂತ ವೇಗವಾಗಿ ಓಡಿದ್ದವರು ಹ್ಯಾಗ್ ಒಬ್ಬರೇ. ಹಾಲೆಂಡಿನ ವಿಮ್ ಸ್ಲೈಕ್‌ಹಾಯಿಸ್ ದ್ವಿತೀಯರಾದರು. ಹಿಂದುಳಿದವರಲ್ಲಿ ಫಿನ್‌ಲೆಂಡಿನ ವಿಲ್ಯೊ ಹೈನೊ, ಚೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ ಮತ್ತು ಬೆಲ್ಜಿಯಂನ ಗ್ಯಾಸ್ಟನ್ ರೀಫ್ ಸೇರಿದ್ದರು. ಎರಡು ವರ್ಷಗಳ ಬಳಿಕ, 1948ರ ಒಲಿಂಪಿಕ್ಸ್‌ನಲ್ಲಿ, 5000 ಮೀಟರ್ ಚಿನ್ನವನ್ನು ರೀಫ್ ಗೆದ್ದರೆ, 10,000 ಮೀಟರ್ ಚಿನ್ನವನ್ನು ಜಾಟೊಪೆಕ್ ಗೆದ್ದರು.

1948ರಲ್ಲಿ ವುಡರ್ಸನ್ ಇಂಗ್ಲೆಂಡಿನ ರಾಷ್ಟ್ರೀಯ ಗುಡ್ಡಗಾಡು ಓಟದ ಪ್ರಶಸ್ತಿಯನ್ನು ಗೆದ್ದರು. ಶೆಫೀಲ್ಡ್‌ನಲ್ಲಿ ನಡೆದ ಈ ಓಟದ ದೂರ ಸುಮಾರು ಹತ್ತು ಮೈಲಿ. ಅರ್ಧ ಮೈಲಿಯಲ್ಲಿ ವಿಶ್ವದಾಖಲೆ ಸ್ಥಾಪಿಸಿದವರು ಹತ್ತು ಮೈಲಿಯ ರಾಷ್ಟ್ರೀಯ ಚಾಂಪಿಯನ್ನೂ ಆದುದು ಅಪೂರ್ವ ಸಂಗತಿ.

ಲಂಡನ್ ಒಲಿಂಪಿಕ್ಸ್ ಮತ್ತು ನಂತರದ ಜೀವನ

1948ರ ಒಲಿಂಪಿಕ್ಸ್ ಲಂಡನ್ನಿನಲ್ಲಿ ನಡೆದಾಗ ವುಡರ್ಸನ್ ಸ್ಪರ್ಧಿಸಲಿಲ್ಲ. ಉದ್ಘಾಟನೆಯಂದು ಒಲಿಂಪಿಕ್ ಜ್ಯೋತಿಯನ್ನು ವೆಂಬ್ಲಿ ಕ್ರೀಡಾಂಗಣಕ್ಕೆ ತರುವ ಗೌರವ ಅವರಿಗೇ ಸಲ್ಲುವುದೆಂದು ಅನೇಕರು ನಿರೀಕ್ಷಿಸಿದ್ದರು. ಆ ಹೆಸರನ್ನು ಕೊನೆಯವರೆಗೂ ಗುಟ್ಟಾಗಿ ಇಡಲಾಗಿತ್ತು. ಜುಲೈ 29ರಂದು ಜ್ಯೋತಿ ಹಿಡಿದು ಬಂದವರು ಜಾನ್ ಮಾರ್ಕ್ ಎಂಬ, ಕೇಂಬ್ರಿಜ್‌ನಲ್ಲಿ ಓದಿದ, ಎತ್ತರದ ಸುಂದರ ಯುವಕ. ದೇಶದ ಅತ್ಯಂತ ಜನಪ್ರಿಯ ಓಟಗಾರನನ್ನು ಬಿಟ್ಟು ಮೈಕಟ್ಟಿಗೆ ಪ್ರಾಶಸ್ತ್ಯ ನೀಡಿದರೆಂಬ ಟೀಕೆ ಅಂದಿನಿಂದಲೂ ಕೇಳಿಬರುತ್ತಿದೆ.

ವುಡರ್ಸನ್ ತಮ್ಮ ಕಾನೂನು ವೃತ್ತಿಯನ್ನು ಮುಂದುವರಿಸಿದರು. ಬ್ಲ್ಯಾಕ್‌ಹೀತ್ ಹ್ಯಾರಿಯರ್ಸ್ ಸಂಘದ ನಂಟನ್ನು ಕೊನೆಯವರೆಗೂ ಉಳಿಸಿಕೊಂಡರು. ಪ್ರಚಾರದಿಂದ ದೂರವಿದ್ದ ಇವರಿಗೆ ಸರ್ಕಾರದ ಎಂ.ಬಿ.ಇ. ಗೌರವ ದೊರೆತದ್ದು 2000ದಲ್ಲಿ, 85ನೆಯ ವಯಸ್ಸಿನಲ್ಲಿ. 2006ರ ಡಿಸೆಂಬರ್ 21ರಂದು ಡಾರ್ಸೆಟ್ ಪ್ರಾಂತ್ಯದಲ್ಲಿ, 92ನೆಯ ವಯಸ್ಸಿನಲ್ಲಿ ನಿಧನರಾದರು.

ಪ್ರಮುಖ ಸಾಧನೆಗಳು

- 1934: ಬ್ರಿಟಿಷ್ ಎಂಪೈರ್ ಕ್ರೀಡಾಕೂಟ, ಲಂಡನ್ – ಒಂದು ಮೈಲಿ, ಬೆಳ್ಳಿ ಪದಕ
- 1935–1939: ಎಎಎ ಚಾಂಪಿಯನ್‌ಷಿಪ್ – ಒಂದು ಮೈಲಿ, ಸತತ ಐದು ಬಾರಿ ಪ್ರಥಮ
- 1937: ಒಂದು ಮೈಲಿ ವಿಶ್ವದಾಖಲೆ – 4 ನಿಮಿಷ 6.4 ಸೆಕೆಂಡು
- 1938: 800 ಮೀಟರ್ ವಿಶ್ವದಾಖಲೆ – 1 ನಿಮಿಷ 48.4 ಸೆಕೆಂಡು
- 1938: 880 ಗಜ ವಿಶ್ವದಾಖಲೆ – 1 ನಿಮಿಷ 49.2 ಸೆಕೆಂಡು
- 1938: ಯುರೋಪಿಯನ್ ಚಾಂಪಿಯನ್‌ಷಿಪ್, ಪ್ಯಾರಿಸ್ – 1500 ಮೀಟರ್, ಚಿನ್ನದ ಪದಕ
- 1945: ಒಂದು ಮೈಲಿ ಬ್ರಿಟಿಷ್ ದಾಖಲೆ – 4 ನಿಮಿಷ 4.2 ಸೆಕೆಂಡು
- 1946: ಯುರೋಪಿಯನ್ ಚಾಂಪಿಯನ್‌ಷಿಪ್, ಓಸ್ಲೊ – 5000 ಮೀಟರ್, ಚಿನ್ನದ ಪದಕ
- 1948: ಇಂಗ್ಲೆಂಡಿನ ರಾಷ್ಟ್ರೀಯ ಗುಡ್ಡಗಾಡು ಓಟ – ಪ್ರಥಮ